ಕಿಡ್ನಿ ಕಲ್ಲಿಗೆ ಥೂಲಿಯಂ ಲೇಸರ್, ಸಕ್ಷನ್ ಶೀತ್: ಹೆಸರು ಯಾರಿಗೆ, ಕೆಲಸ ಯಾರದು

ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಥೂಲಿಯಂ ಲೇಸರಿನಲ್ಲಿ ಕಲ್ಲು ಪುಡಿ, ಮರುದಿನ ಮನೆಗೆ. ಯುರಾಲಜಿ ಆಸ್ಪತ್ರೆಗಳ ಜಾಹೀರಾತಿನಲ್ಲಿ ಈಗ ಮೊದಲು ಕಣ್ಣಿಗೆ ಬೀಳುವುದು ಈ ಸಾಲು. ಡಾಕ್ಟರುಗಳ ಬಾಯಲ್ಲಿ ಇದರ ಹೆಸರು ಆರ್‌ಐಆರ್‌ಎಸ್. ಮೂತ್ರ ಬರುವ ದಾರಿಯಲ್ಲೇ, ಬೇಕಾದಂತೆ ಬಾಗುವ ತೆಳ್ಳನೆಯ ಸ್ಕೋಪನ್ನು ಕಿಡ್ನಿಯ ಒಳಗಿನವರೆಗೆ ಏರಿಸಿ, ಅದರೊಳಗಿಂದ ಲೇಸರ್ ಫೈಬರ್ ತೂರಿಸಿ ಕಲ್ಲನ್ನು ಒಡೆಯುವ ಚಿಕಿತ್ಸೆ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಆ ಚಿಕಿತ್ಸೆಗೆ ಈಚೆಗೆ ಸೇರಿರುವ ಎರಡು ಸಲಕರಣೆಗಳನ್ನು: ಥೂಲಿಯಂ ಫೈಬರ್ ಲೇಸರ್ ಮತ್ತು ತುದಿ ಬಾಗುವ ಸಕ್ಷನ್ ಶೀತ್, ಅಂದರೆ ಸ್ಕೋಪಿಗೆ ದಾರಿಯಾಗುತ್ತಾ ಕಲ್ಲಿನ ಪುಡಿಯನ್ನೂ ಹೀರುವ ಕೊಳವೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಹೆಸರು ಮಾಡಿರುವುದು ಲೇಸರ್, ಫಲಿತಾಂಶ ಬದಲಿಸುತ್ತಿರುವುದು ಹೆಚ್ಚಾಗಿ ಶೀತ್. ಇವೆರಡಕ್ಕಿಂತ ಮುಖ್ಯವಾದ ಮೂರು ಸಂಗತಿಗಳು ಜಾಹೀರಾತಿನಲ್ಲಿ ಇರುವುದೇ ಇಲ್ಲ: ಶಸ್ತ್ರಕ್ರಿಯೆಗೆ ಮುಂಚಿನ ಯೂರಿನ್ ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ), ಆಮೇಲಿನ ಸಿಟಿ ಸ್ಕ್ಯಾನ್, ಮೂತ್ರ ಹರಿಯಲೆಂದು ನಾಳದೊಳಗೆ ಬಿಡುವ ಸ್ಟೆಂಟ್ ಪೈಪನ್ನು ತೆಗೆಯುವ ತಾರೀಖು.

ಆಪರೇಷನ್ ಥಿಯೇಟರಿನಲ್ಲಿ ನಡೆಯುವುದು ಹೀಗೆ. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟೂ ಮಾಡಬಹುದು. ಆದರೆ ಉಸಿರಿನ ಜತೆಗೆ ಕಿಡ್ನಿ ಮೇಲೆ ಕೆಳಗೆ ಆಡುತ್ತದೆ, ಪೂರ್ಣ ಅರಿವಳಿಕೆಯಲ್ಲಿ ಉಸಿರಾಟವನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದಾದ್ದರಿಂದ ಗುರಿ ತಪ್ಪುವುದು ಕಡಿಮೆ. ಮೊದಲು ಮೂತ್ರಕೋಶದೊಳಗೆ ಸ್ಕೋಪ್ ಹಾಕಿ, ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಯುರೇಟರ್ ನಾಳದ ಬಾಯಿ ಹುಡುಕಿ, 0.035 ಇಂಚಿನ ಗೈಡ್‌ವೈರನ್ನು ಕಿಡ್ನಿಯವರೆಗೆ ಏರಿಸುತ್ತಾರೆ. ಸಿ-ಆರ್ಮ್ ಎಕ್ಸ್‌ರೇಯಲ್ಲಿ ತಂತಿ ಎಲ್ಲಿದೆ ಎಂದು ನೋಡಿಕೊಳ್ಳುತ್ತಾರೆ. ನಂತರ ಬಾಗದ ಸಣ್ಣ ಸ್ಕೋಪಿನಿಂದ ನಾಳವನ್ನು ಒಮ್ಮೆ ಪರೀಕ್ಷಿಸಿ, ತಂತಿಯ ಮೇಲೆ ಆಕ್ಸೆಸ್ ಶೀತ್ ಜಾರಿಸುತ್ತಾರೆ. ಇದು ನಾಳದೊಳಗೆ ಕೂರುವ ಪ್ಲಾಸ್ಟಿಕ್ ಕೊಳವೆ. ಹೆಂಗಸರಿಗೆ 35 ಸೆಂ.ಮೀ. ಆಸುಪಾಸು, ಗಂಡಸರಿಗೆ 45 ಸೆಂ.ಮೀ. ಆಸುಪಾಸಿನದು. ಸ್ಕೋಪು ಈ ಕೊಳವೆಯೊಳಗೇ ಹೋಗಿ ಬರುವುದರಿಂದ ಪ್ರತಿ ಸಲವೂ ನಾಳದ ಗೋಡೆ ಉಜ್ಜುವುದಿಲ್ಲ, ಒಳಗೆ ಹರಿಸಿದ ಸಲೈನ್ ಹೊರಬರಲು ದಾರಿಯೂ ಇರುತ್ತದೆ. ಕಲ್ಲು ಒಡೆದು ಮುಗಿದ ಮೇಲೆ ಕೊಳವೆಯನ್ನು ಸ್ಕೋಪಿನ ಜತೆ ಹಿಂದಕ್ಕೆ ಎಳೆಯುತ್ತಾ ನಾಳದ ಗೋಡೆ ಹರಿದಿದೆಯೇ ಎಂದು ನೋಡಿ, ಕೊನೆಗೆ ಡಿಜೆ ಸ್ಟೆಂಟ್ ಬಿಟ್ಟು ಬರುತ್ತಾರೆ.

ಇಲ್ಲೇ ಒಂದು ಮಾತು. ಕೆಲವರ ನಾಳ ಕಿರಿದಾಗಿದ್ದು ಶೀತ್ ಏರುವುದೇ ಇಲ್ಲ. ಆಗ ಬಲವಂತ ಮಾಡದೆ ಸ್ಟೆಂಟ್ ಒಂದನ್ನು ಇಟ್ಟು, ಒಂದೆರಡು ವಾರ ಬಿಟ್ಟು ಬನ್ನಿ ಎನ್ನುವ ಸರ್ಜನ್ ಇದ್ದರೆ ಅವರ ಮೇಲೆ ಮುನಿಸಿಕೊಳ್ಳಬೇಡಿ. ಸ್ಟೆಂಟ್ ಇರುವಷ್ಟು ದಿನ ನಾಳ ತಾನಾಗಿ ಸಡಿಲವಾಗುತ್ತದೆ, ಎರಡನೇ ಸಲ ಕೊಳವೆ ಸಲೀಸಾಗಿ ಏರುತ್ತದೆ. ‘ಮೊದಲ ಸಲ ಫೇಲ್ ಆಯ್ತು’ ಎಂದು ಬೈದುಕೊಂಡು ಆಸ್ಪತ್ರೆ ಬದಲಿಸುವವರು ಬಹಳ. ಶೀತ್ ಏರಿಸುವಾಗ ನಾಳಕ್ಕೆ ಎಷ್ಟು ಪೆಟ್ಟಾಗಬಹುದು ಎಂಬುದಕ್ಕೆ 2013ರ ಫ್ರೆಂಚ್ ವರದಿಯೊಂದು ಸಾಕ್ಷಿ: 12/14 ಅಳತೆಯ (ಒಳ ಅಗಲ 4, ಹೊರ ಅಗಲ ಸುಮಾರು 4.7 ಮಿ.ಮೀ.) ಶೀತ್ ಬಳಸಿದ 359 ರೋಗಿಗಳ ನಾಳವನ್ನು ಕೊನೆಯಲ್ಲಿ ಪರೀಕ್ಷಿಸಿದಾಗ ಶೇ. 46.5 ಜನರಲ್ಲಿ ಏನಾದರೊಂದು ಗಾಯ, ಶೇ. 13.3 ಜನರಲ್ಲಿ ಸ್ನಾಯು ಪದರದವರೆಗೆ ಇಳಿದ ಗಾಯ ಕಂಡಿತ್ತು. ಮೊದಲೇ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಈ ಗಂಭೀರ ಗಾಯದ ಅಪಾಯ ಬಹಳ ಕಡಿಮೆ ಇತ್ತು.

ಈಗ ಲೇಸರಿಗೆ ಬರೋಣ. 1990ರ ದಶಕದಿಂದ ಕಲ್ಲು ಒಡೆಯುವ ಕೆಲಸಕ್ಕೆ ಹೋಲ್ಮಿಯಂ ಲೇಸರೇ ಗತಿಯಾಗಿತ್ತು. ಅದರ ತರಂಗಾಂತರ ಸುಮಾರು 2100 ನ್ಯಾನೋಮೀಟರ್. ಥೂಲಿಯಂ ಫೈಬರ್ ಲೇಸರಿನದು 1940 ನ್ಯಾನೋಮೀಟರ್. ವ್ಯತ್ಯಾಸ ಅಲ್ಪ ಅನಿಸುತ್ತದೆ, ಆದರೆ ನೀರು ಈ ಬೆಳಕನ್ನು ಹೀರುವ ಪ್ರಮಾಣ ಹೋಲ್ಮಿಯಂಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಕಲ್ಲಿನ ಸಂದಿಗಳಲ್ಲಿ ಇರುವ ನೀರು ಕಾದು ಸಿಡಿಯುವುದರಿಂದ ಕಡಿಮೆ ಶಕ್ತಿಯಲ್ಲೇ ಕಲ್ಲು ಸವೆಯುತ್ತದೆ. ಒಂದೊಂದು ಮಿಡಿತಕ್ಕೆ 0.025 ಜೂಲಿನಷ್ಟು ಕಡಿಮೆ ಶಕ್ತಿ, ಸೆಕೆಂಡಿಗೆ 2000 ದಾಟುವ ಮಿಡಿತಗಳು. ಇದು ಹಳೆಯ ಹೋಲ್ಮಿಯಂ ಯಂತ್ರಗಳ ಕೈಗೆ ಎಟುಕದ ಮಾತು. ಫೈಬರಿನ ತಿರುಳು 150 ಮೈಕ್ರಾನಿನಷ್ಟು ತೆಳುವಾಗಿಯೂ ಸಿಗುತ್ತದೆ. ತೆಳು ಫೈಬರ್ ಒಳಗಿದ್ದರೆ ಸ್ಕೋಪು ಹೆಚ್ಚು ಬಾಗುತ್ತದೆ, ಸಲೈನ್ ಹರಿಯಲೂ ಜಾಗ ಉಳಿಯುತ್ತದೆ. ಯಂತ್ರವೂ ಹಗುರ, ಗಾಳಿಯಿಂದಲೇ ತಣಿಯುತ್ತದೆ, ಮಾಮೂಲಿ ಪ್ಲಗ್ಗಿಗೆ ಹಾಕಿದರೆ ಸಾಕು. ಹೈ ಪವರ್ ಹೋಲ್ಮಿಯಂಗೆ ನೀರಿನ ತಂಪು, ಹೆಚ್ಚಿನ ಆಂಪಿಯರಿನ ವಿದ್ಯುತ್ ಲೈನ್ ಎರಡೂ ಬೇಕು. ಜಿಲ್ಲಾ ಕೇಂದ್ರದ ಸಣ್ಣ ಆಸ್ಪತ್ರೆಗೆ ಇದು ನಿಜವಾದ ಅನುಕೂಲ.

ಪುಡಿ ಮಾಡುವ ಬಗೆ ಹೀಗೆ: ಶಕ್ತಿ 0.1ರಿಂದ 0.2 ಜೂಲ್, ಮಿಡಿತ ಸೆಕೆಂಡಿಗೆ 80ರಿಂದ 150. ಫೈಬರಿನ ತುದಿಯನ್ನು ಕಲ್ಲಿಗೆ ತಾಗಿಯೂ ತಾಗದಂತೆ ಹಿಡಿದು, ಗೋಡೆಗೆ ಸುಣ್ಣ ಬಳಿಯುವಂತೆ ಅತ್ತಿಂದಿತ್ತ ಆಡಿಸಬೇಕು. ಒಂದೇ ಕಡೆ ಕೊರೆದರೆ ಕಲ್ಲು ತೂತಾಗಿ ಎರಡು ಹೋಳಾಗುತ್ತದೆ. ಹೋಳುಗಳು ಬೇರೆ ಬೇರೆ ಮೂಲೆ ಸೇರಿ, ಅವುಗಳ ಬೆನ್ನು ಹತ್ತಿ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಅಂಚಿನಿಂದ ಒಳಕ್ಕೆ ಸವೆಸುತ್ತಾ ಬಂದರೆ ಕಲ್ಲು ಇದ್ದಲ್ಲೇ ಕರಗುತ್ತದೆ. ಥೂಲಿಯಂನಲ್ಲಿ ಏಳುವ ಪುಡಿ ನಯ, ಕಲ್ಲು ಹಿಂದಕ್ಕೆ ನೆಗೆಯುವುದೂ ಕಡಿಮೆ. ಒಳ್ಳೆಯ ಸೇವೆಯೆಂದರೆ ಕಾಲಿನ ಪೆಡಲ್ ಒತ್ತಿ ಹಿಡಿದುಕೊಂಡೇ ಇರದ ಸೇವೆ. 0.2 ಜೂಲ್ ಗುಣಿಸು 150 ಮಿಡಿತ ಎಂದರೆ 30 ವಾಟ್; ಕಿಡ್ನಿಯ ಸಣ್ಣ ಕೋಣೆಯೊಳಗೆ, ಸಲೈನ್ ಹರಿವು ನಿಧಾನವಾಗಿದ್ದಾಗ, ಇಷ್ಟು ಶಕ್ತಿ ಸುರಿದರೆ ನೀರು ಬೇಗ ಕಾಯುತ್ತದೆ. 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಹೆಚ್ಚು ಹೊತ್ತು ನಿಂತರೆ ಒಳಗಿನ ಪದರ ಬೇಯುತ್ತದೆ. ಆಗ ಕಾಣದ ಈ ಪೆಟ್ಟು ತಿಂಗಳುಗಳ ನಂತರ ನಾಳ ಕಿರಿದಾಗಿ ಕಾಣಿಸಿಕೊಳ್ಳಬಹುದು. ಯುರೇಟರ್ ನಾಳದೊಳಗಿನ ಕಲ್ಲಿಗೆ ಈ ಸೆಟ್ಟಿಂಗನ್ನು ಇನ್ನೂ ತಗ್ಗಿಸಬೇಕು, ಏಕೆಂದರೆ ಅಲ್ಲಿ ಗೋಡೆಗೂ ಫೈಬರಿಗೂ ನಡುವೆ ಜಾಗವೇ ಇರುವುದಿಲ್ಲ. ‘ನಮ್ಮದು 60 ವಾಟ್ ಯಂತ್ರ’ ಎಂದು ಹೇಳಿಕೊಳ್ಳುವುದರಲ್ಲಿ ರೋಗಿಗೆ ಯಾವ ಲಾಭವೂ ಇಲ್ಲ.

ಹಾಗಾದರೆ ಥೂಲಿಯಂ ಹೋಲ್ಮಿಯಂಗಿಂತ ಮೇಲೇ? 2022ರಲ್ಲಿ ಪ್ರಕಟವಾದ ನಾರ್ವೆಯ ಪ್ರಯೋಗವನ್ನೇ ಎಲ್ಲರೂ ಎತ್ತಿ ಹಿಡಿಯುತ್ತಾರೆ. 120 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು. ಮೂರು ತಿಂಗಳ ಮೇಲೆ ನೋಡಿದಾಗ ಥೂಲಿಯಂ ಗುಂಪಿನಲ್ಲಿ ಶೇ. 92, ಹೋಲ್ಮಿಯಂ ಗುಂಪಿನಲ್ಲಿ ಶೇ. 67 ಜನರಿಗೆ ಕಲ್ಲು ಖಾಲಿಯಾಗಿತ್ತು. ಕಿಡ್ನಿಯೊಳಗಿನ ಕಲ್ಲುಗಳನ್ನಷ್ಟೇ ತೆಗೆದುಕೊಂಡರೆ 86ಕ್ಕೆ 49. ರಕ್ತ ಒಸರಿ ನೋಟ ಮಸುಕಾಗುವುದೂ ಥೂಲಿಯಂನಲ್ಲಿ ಕಡಿಮೆ. ಆದರೆ ಅಲ್ಲಿ ಎದುರಿಗೆ ನಿಲ್ಲಿಸಿದ್ದು ಕಡಿಮೆ ಶಕ್ತಿಯ, 30 ವಾಟಿನ ಹೋಲ್ಮಿಯಂ ಯಂತ್ರ. 2023ರಲ್ಲಿ ಬಂದ ಅಮೆರಿಕದ ಪ್ರಯೋಗವೊಂದು ಮಿಡಿತದ ಆಕಾರ ಬದಲಿಸುವ ಮೋಸೆಸ್ ತಂತ್ರಜ್ಞಾನದ ಹೈ ಪವರ್ ಹೋಲ್ಮಿಯಂ ಜತೆ ಹೋಲಿಸಿದಾಗ ಶಸ್ತ್ರಕ್ರಿಯೆಯ ಸಮಯದಲ್ಲಾಗಲಿ ಕಲ್ಲು ಖಾಲಿಯಾದ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ತಿಳಿಯುವುದು ಇಷ್ಟು: ಹಳೆಯ 20-30 ವಾಟಿನ ಹೋಲ್ಮಿಯಂ ಇರುವ ಕಡೆಗೆ ಹೋಲಿಸಿದರೆ ಥೂಲಿಯಂ ನಿಜಕ್ಕೂ ಮುಂದೆ. ಒಳ್ಳೆಯ ಹೈ ಪವರ್ ಹೋಲ್ಮಿಯಂ, ಅದರಲ್ಲಿ ಕೈ ಪಳಗಿದ ಸರ್ಜನ್ ಎರಡೂ ಇದ್ದರೆ ‘ಥೂಲಿಯಂ ಇಲ್ಲ’ ಎಂಬ ಕಾರಣಕ್ಕೆ ಎದ್ದು ಹೋಗಬೇಕಿಲ್ಲ. ಲೇಸರಿನ ಹೆಸರಲ್ಲಿ ಪ್ರತ್ಯೇಕ ಹಣ ಕೇಳಿದರೆ ಚೌಕಾಶಿ ಮಾಡಿ.

ಶೀತಿನ ಕಥೆ ಬೇರೆ. ಹಳೆಯ ಶೀತ್ ಯುರೇಟರಿನ ಮೇಲ್ತುದಿಯಲ್ಲಿ ನಿಂತುಬಿಡುತ್ತದೆ. ಕಲ್ಲು ಪುಡಿಯಾದ ಮೇಲೆ ಸರ್ಜನ್ ಬಾಸ್ಕೆಟ್ ಎಂಬ ಪುಟ್ಟ ತಂತಿಬುಟ್ಟಿ ಹಾಕಿ ದೊಡ್ಡ ಚೂರುಗಳನ್ನು ಒಂದೊಂದಾಗಿ ಎಳೆದು ತರಬೇಕು, ಉಳಿದ ಪುಡಿ ತಾನಾಗಿ ಮೂತ್ರದಲ್ಲಿ ಹೋಗಲಿ ಎಂದು ಬಿಡಬೇಕು. ಹೋಗುತ್ತದೆ ಎಂಬುದು ನಂಬಿಕೆ. ಕಿಡ್ನಿಯ ಕೆಳಗಿನ ಕೋಣೆಯಲ್ಲಿ ಕೂತ ಪುಡಿ ಗುರುತ್ವಕ್ಕೆ ವಿರುದ್ಧವಾಗಿ ಏರಿ ಹೊರಬರಬೇಕಾದ್ದರಿಂದ ಬಹಳಷ್ಟು ಅಲ್ಲೇ ಉಳಿದು, ಅದರ ಮೇಲೆ ಹೊಸ ಕಲ್ಲು ಬೆಳೆಯುತ್ತದೆ. ಹೊಸ ಶೀತಿನ ತುದಿಯ ಕೆಲವು ಸೆಂಟಿಮೀಟರ್ ಮೆದುವಾಗಿದ್ದು, ಸ್ಕೋಪು ಬಾಗಿದತ್ತ ತಾನೂ ಬಾಗಿ ಕೋಣೆಯೊಳಗೇ ನುಗ್ಗುತ್ತದೆ. ಹೊರಗಿನ ತುದಿಯಲ್ಲಿ ಪಕ್ಕಕ್ಕೊಂದು ಕವಲು, ಅದಕ್ಕೆ ಸಕ್ಷನ್ ಪೈಪು, ನಡುವೆ ಪುಡಿ ಹಿಡಿಯುವ ಡಬ್ಬಿ. ಕವಲಿನ ಮೇಲಿನ ಕಿಂಡಿಯನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಎಳೆತ ಹೆಚ್ಚು, ಬಿಟ್ಟರೆ ಕಡಿಮೆ. ಸ್ಕೋಪನ್ನು ಸ್ವಲ್ಪ ಹಿಂದೆ ಎಳೆದುಕೊಂಡ ಕೂಡಲೇ ಒಂದೆರಡು ಮಿ.ಮೀ. ಚೂರುಗಳು ಸಲೈನ್ ಜತೆ ಸರ್ರನೆ ಡಬ್ಬಿಗೆ ಬೀಳುತ್ತವೆ. ಬಾಸ್ಕೆಟ್ಟಿಗೆ ಹೆಚ್ಚು ಕೆಲಸವೇ ಇರುವುದಿಲ್ಲ.

ಫಲಿತಾಂಶವೂ ಅದಕ್ಕೆ ತಕ್ಕಂತಿದೆ. 2024ರಲ್ಲಿ ಹೊರಬಂದ, ಹಲವು ಆಸ್ಪತ್ರೆಗಳಲ್ಲಿ 320 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಶಸ್ತ್ರಕ್ರಿಯೆಯಾದ ತಕ್ಷಣದ ತಪಾಸಣೆಯಲ್ಲಿ ಸಕ್ಷನ್ ಶೀತ್ ಬಳಸಿದವರಲ್ಲಿ ಶೇ. 81 ಜನರಿಗೆ ಕಲ್ಲು ಖಾಲಿ, ಹಳೆಯ ಶೀತ್ ಬಳಸಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ. ಮೂರು ತಿಂಗಳಿಗೆ 87ಕ್ಕೆ 70. ಶಸ್ತ್ರಕ್ರಿಯೆಯ ನಂತರ ಜ್ವರ ಬಂದವರೂ ಸಕ್ಷನ್ ಗುಂಪಿನಲ್ಲಿ ಕಡಿಮೆ. ಈ ಕೊನೆಯ ಅಂಶವೇ ನಮಗೆ ಹೆಚ್ಚು ಬೆಲೆಯುಳ್ಳದ್ದು ಅನಿಸುತ್ತದೆ. ಸಲೈನನ್ನು ಒತ್ತಡದಿಂದ ಒಳಗೆ ಬಿಟ್ಟಾಗ ಕಿಡ್ನಿಯೊಳಗಿನ ಒತ್ತಡ ಏರುತ್ತದೆ, 40 ಸೆಂ.ಮೀ. ನೀರಿನ ಮಟ್ಟ ದಾಟಿದರೆ ಆ ನೀರು, ಅದರಲ್ಲಿನ ಬ್ಯಾಕ್ಟೀರಿಯಾ, ಕಲ್ಲಿನೊಳಗಿಂದ ಬಿಡುಗಡೆಯಾದ ವಿಷ ಎಲ್ಲವೂ ರಕ್ತಕ್ಕೆ ನುಗ್ಗಬಹುದು. ನೋಟ ಮಸುಕಾಯಿತೆಂದು ಸಹಾಯಕರು ಸಿರಿಂಜಿನಿಂದ ಜೋರಾಗಿ ಸಲೈನ್ ಒತ್ತಿದಾಗ ಒತ್ತಡ ಕ್ಷಣಾರ್ಧದಲ್ಲಿ ಈ ಮಿತಿಯನ್ನು ಎಷ್ಟೋ ಪಟ್ಟು ದಾಟುತ್ತದೆ. ಆರ್‌ಐಆರ್‌ಎಸ್ ಆದ ರಾತ್ರಿ ಚಳಿ ಜ್ವರ ಬಂದು ಐಸಿಯು ಸೇರುವವರ ಹಿಂದೆ ಬಹುಪಾಲು ಇರುವುದು ಇಂಥ ಒತ್ತಡ, ಇಲ್ಲವೇ ಮೊದಲೇ ಇದ್ದ ಸೋಂಕು. ಸಕ್ಷನ್ ಒಂದು ಕಡೆಯಿಂದ ಎಳೆಯುತ್ತಿದ್ದರೆ ಒತ್ತಡ ಏರಲು ಆಸ್ಪದ ಕಡಿಮೆ.

ದೋಷಗಳಿಲ್ಲವೆಂದಲ್ಲ. ಕೆಳಗಿನ ಕೋಣೆಯ ಕೋನ ತೀರಾ ಚೂಪಾಗಿದ್ದರೆ ತುದಿ ಅಲ್ಲಿಗೆ ತಿರುಗುವುದಿಲ್ಲ. ಎಳೆತ ಹೆಚ್ಚಾದರೆ ಕೋಣೆಯ ಗೋಡೆಗಳು ಕುಸಿದು ಸ್ಕೋಪಿಗೆ ಅಂಟಿಕೊಂಡು ಏನೂ ಕಾಣುವುದಿಲ್ಲ, ಒಳಪದರ ಹೀರಲ್ಪಟ್ಟು ರಕ್ತ ಬರುತ್ತದೆ. ಒಳಗೆ ಹೋಗುವ ಸಲೈನ್, ಹೊರಗೆ ಬರುವ ಸಲೈನ್ ಎರಡೂ ಸರಿದೂಗಬೇಕು. ಸ್ಕೋಪು ಮತ್ತು ಶೀತಿನ ಜೋಡಿ ಹೊಂದದಿದ್ದರೆ ಮತ್ತೊಂದು ಪೇಚು. ಈ ಅಳತೆಗಳು ಫ್ರೆಂಚ್ ಮಾನದಲ್ಲಿ ಇರುತ್ತವೆ, 3 ಫ್ರೆಂಚ್ ಎಂದರೆ 1 ಮಿ.ಮೀ. 10/12 ಶೀತ್ ಎಂದರೆ ಒಳ ಅಗಲ 10, ಹೊರ ಅಗಲ 12. ಅದರೊಳಗೆ 7.5 ಫ್ರೆಂಚ್ ಸ್ಕೋಪು ಹೋದರೆ ಅನುಪಾತ 0.75. ಇದಕ್ಕಿಂತ ಬಿಗಿಯಾದರೆ ಸುತ್ತ ಉಳಿದ ಕಿರಿದಾದ ಜಾಗದಲ್ಲಿ ಚೂರು ಸಿಕ್ಕಿ ಹರಿವೇ ನಿಲ್ಲುತ್ತದೆ, ಸಕ್ಷನ್ ಇದ್ದೂ ಇಲ್ಲದಂತೆ. ಹಳೆಯ ದಪ್ಪ ಸ್ಕೋಪಿನ ಜತೆ ಹೊಸ ಶೀತ್ ಹಾಕಿದರೆ ಬಿಲ್ ಮಾತ್ರ ಹೊಸದು. ಇನ್ನು ಇದು ಒಮ್ಮೆ ಬಳಸಿ ಎಸೆಯಬೇಕಾದ ವಸ್ತು. ಮತ್ತೆ ಸ್ಟೆರಿಲೈಸ್ ಮಾಡಿದ ಕೊಳವೆಯ ಮೆದು ತುದಿ ಸೆಟೆದುಕೊಂಡು ನಾಳಕ್ಕೆ ಗಾಯ ಮಾಡಬಹುದು. ಬಿಲ್ಲಿಗೆ ಹಾಕಿದ್ದರೆ ಅದರ ಸ್ಟಿಕ್ಕರ್ ಕೇಸ್ ಶೀಟಿನಲ್ಲಿ ಇರಬೇಕು, ಲಾಟ್ ನಂಬರ್ ಸಮೇತ. ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಸ್ಕೋಪಿನ ಬಗ್ಗೆ ಚುಟುಕಾಗಿ. ಒಮ್ಮೆ ಬಳಸಿ ಬಿಸಾಡುವ ಸ್ಕೋಪಿನಲ್ಲಿ ಹಿಂದಿನ ರೋಗಿಯ ಸೋಂಕು ಅಂಟುವ ಭಯವಿಲ್ಲ, ಪ್ರತಿ ಸಲವೂ ಪೂರ್ತಿ ಬಾಗುತ್ತದೆ. ಮತ್ತೆ ಮತ್ತೆ ಬಳಸುವ ಸ್ಕೋಪು ಸರಿಯಾಗಿ ಸ್ವಚ್ಛವಾಗಿದ್ದರೆ ಅದೂ ಒಳ್ಳೆಯದೇ, ಎಷ್ಟೋ ಸಲ ಚಿತ್ರ ಅದರಲ್ಲೇ ಹೆಚ್ಚು ಸ್ಪಷ್ಟ. ತುದಿಯಲ್ಲೇ ಒತ್ತಡ ಅಳೆಯುವ ಸೆನ್ಸರ್ ಇರುವ ಲಿಥೋವ್ಯೂ ಎಲೀಟಿನಂಥ ಸ್ಕೋಪುಗಳೂ ಬಂದಿವೆ. ಉಪಯುಕ್ತವೇ, ಆದರೆ ಸಕ್ಷನ್ ಶೀತ್ ಇದ್ದಾಗ ಅದಕ್ಕಾಗಿ ಹೆಚ್ಚಿನ ಹಣ ಕೊಡುವುದು ಸಾಮಾನ್ಯ ಕಲ್ಲಿಗೆ ದುಬಾರಿ ಬಾಬತ್ತು.

ಯಾರಿಗೆ ಈ ಚಿಕಿತ್ಸೆ ಹೊಂದುತ್ತದೆ? 10ರಿಂದ 20 ಮಿ.ಮೀ. ನಡುವಿನ ಕಿಡ್ನಿ ಕಲ್ಲು ಇದರ ಸರಿಯಾದ ಜಾಗ. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗದ ಹೃದ್ರೋಗಿಗಳಿಗೆ, ತೀರಾ ದಪ್ಪ ಮೈಯವರಿಗೆ ಇದಕ್ಕಿಂತ ಸುರಕ್ಷಿತವಾದದ್ದು ಇಲ್ಲವೆಂದೇ ಹೇಳಬೇಕು. ಬೆನ್ನಿನಿಂದ ತೂತು ಮಾಡುವ ಪಿಸಿಎನ್‌ಎಲ್ ಆಗಲಿ, ಹೊರಗಿನಿಂದ ಶಾಕ್ ಕೊಡುವ ಇಎಸ್‌ಡಬ್ಲ್ಯುಎಲ್ ಆಗಲಿ ರಕ್ತಸ್ರಾವದ ಭಯವಿರುವವರಿಗೆ ಆಗಿಬರುವುದಿಲ್ಲ. 20 ಮಿ.ಮೀ. ದಾಟಿದರೆ ಮೊದಲ ಆಯ್ಕೆ ಈಗಲೂ ಪಿಸಿಎನ್‌ಎಲ್. ಲೆಕ್ಕ ಸುಲಭ: ಅಡ್ಡಳತೆ ಇಮ್ಮಡಿಯಾದರೆ ಗಾತ್ರ ಎಂಟು ಪಟ್ಟು. 10 ಮಿ.ಮೀ. ಉರುಟು ಕಲ್ಲು ಅರ್ಧ ಮಿಲಿಲೀಟರಿನಷ್ಟು, 20 ಮಿ.ಮೀ. ಕಲ್ಲು ನಾಲ್ಕು ಮಿಲಿಲೀಟರ್ ದಾಟುತ್ತದೆ. ಅಷ್ಟನ್ನೂ ಲೇಸರಿನಲ್ಲಿ ಪುಡಿ ಮಾಡಲು ಎರಡು ಗಂಟೆ ಬೇಕಾದರೆ, ಸೋಂಕಿನ ಅಪಾಯವೂ ಅದರ ಜತೆಗೇ ಬೆಳೆಯುತ್ತದೆ. 90 ನಿಮಿಷ ದಾಟುವಂತಿದ್ದರೆ ನಿಲ್ಲಿಸಿ ಇನ್ನೊಂದು ದಿನ ಮುಂದುವರಿಸುವುದೇ ಜಾಣತನ. ಪಿಸಿಎನ್‌ಎಲ್ ಎಂದರೆ ಹೆದರುವ ಕಾಲವೂ ಈಗಿಲ್ಲ. 24ರಿಂದ 30 ಫ್ರೆಂಚ್ ದಾರಿಯ ಬದಲು ಮಿನಿ ಪಿಸಿಎನ್‌ಎಲ್‌ನಲ್ಲಿ 14ರಿಂದ 20 ಫ್ರೆಂಚ್ ಸಾಕು. ಇದನ್ನೂ ಕಿರಿದಾಗಿಸಿ 4.85 ಫ್ರೆಂಚ್ ಸೂಜಿಯೊಂದರಲ್ಲೇ ಕೆಲಸ ಮುಗಿಸುವ ಮೈಕ್ರೋಪರ್ಕ್ ವಿಧಾನವನ್ನು 2011ರಲ್ಲಿ ವರದಿ ಮಾಡಿದ ತಂಡದಲ್ಲಿ ಗುಜರಾತಿನ ನಡಿಯಾಡ್‌ನ ಮೂಲ್ಜಿಭಾಯಿ ಪಟೇಲ್ ಯುರಾಲಜಿ ಆಸ್ಪತ್ರೆಯ ವೈದ್ಯರಿದ್ದರು.

10 ಮಿ.ಮೀ. ಒಳಗಿನ, ಅಷ್ಟು ಗಟ್ಟಿಯಲ್ಲದ ಕಲ್ಲಿಗೆ ಇಎಸ್‌ಡಬ್ಲ್ಯುಎಲ್ ಅನ್ನು ಮರೆಯಬಾರದು. 1980ರಲ್ಲಿ ಮ್ಯೂನಿಕ್ಕಿನಲ್ಲಿ ಶುರುವಾದ ಈ ವಿಧಾನಕ್ಕೆ ಅರಿವಳಿಕೆಯೂ ಬೇಡ, ಬಹುತೇಕ ಸ್ಟೆಂಟೂ ಬೇಡ. ಸಿಟಿ ರಿಪೋರ್ಟಿನಲ್ಲಿ ಕಲ್ಲಿನ ಗಟ್ಟಿತನ 1000 ಹೌನ್ಸ್‌ಫೀಲ್ಡ್ ಯೂನಿಟ್ ದಾಟಿದ್ದರೆ, ಚರ್ಮದಿಂದ ಕಲ್ಲಿಗೆ 10 ಸೆಂ.ಮೀ. ಮೀರಿದ ದೂರವಿದ್ದರೆ, ಕಲ್ಲು ಕೆಳಗಿನ ಕೋಣೆಯಲ್ಲಿದ್ದರೆ ಮಾತ್ರ ಅದು ಕೈಕೊಡುತ್ತದೆ. ನಿಮಿಷಕ್ಕೆ 120 ಶಾಕ್ ಕೊಟ್ಟು ಬೇಗ ಮುಗಿಸುವ ಕಡೆ ಫಲಿತಾಂಶ ಕಳಪೆ, 60ರಿಂದ 90ರ ವೇಗವೇ ಸರಿ. ಬ್ರಿಟನ್ನಿನ 2022ರ ಪ್ರಯೋಗವೊಂದರಲ್ಲಿ ಯುರೇಟರ್ ಕಲ್ಲಿಗೆ ಶಾಕ್ ಕೊಟ್ಟವರಲ್ಲಿ ಆರು ತಿಂಗಳಲ್ಲಿ ಶೇ. 22 ಜನರಿಗೆ ಮತ್ತೊಂದು ಚಿಕಿತ್ಸೆ ಬೇಕಾಯಿತು, ಸ್ಕೋಪ್ ಮಾಡಿಸಿಕೊಂಡವರಲ್ಲಿ ಶೇ. 10. ಸ್ಕೋಪ್ ಗೆದ್ದಿತೆಂದು ಓದಬಹುದು. ಹತ್ತರಲ್ಲಿ ಏಳೆಂಟು ಜನ ಅರಿವಳಿಕೆಯಿಲ್ಲದೆ ಪಾರಾದರು ಎಂದೂ ಓದಬಹುದು. ಆ ಯಂತ್ರ ಇಲ್ಲದ ಆಸ್ಪತ್ರೆ ಅದರ ಹೆಸರೆತ್ತುವ ಸಾಧ್ಯತೆ ಕಡಿಮೆ, ಆದ್ದರಿಂದ ಕೇಳಬೇಕಾದವರು ನೀವೇ.

ಇನ್ನು ಕೆಲವರಿಗೆ ಯಾವ ಯಂತ್ರವೂ ಬೇಡ. ಯುರೇಟರಿಗೆ ಇಳಿದ 5 ಮಿ.ಮೀ. ಒಳಗಿನ ಕಲ್ಲು ಮೂರರಲ್ಲಿ ಎರಡು ಪಾಲು ತಾನಾಗಿ ಬೀಳುತ್ತದೆ. ಅದಕ್ಕೆಂದು ಎಲ್ಲರಿಗೂ ನಾಳ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಬರೆಯುವ ರೂಢಿಯನ್ನು 2015ರ ಬ್ರಿಟಿಷ್ ಪ್ರಯೋಗ ಪ್ರಶ್ನಿಸಿತು: ಮಾತ್ರೆ ತಿಂದವರಲ್ಲೂ ಖಾಲಿ ಮಾತ್ರೆ ತಿಂದವರಲ್ಲೂ ನಾಲ್ಕು ವಾರದಲ್ಲಿ ಶೇ. 80ರಷ್ಟು ಜನರಿಗೆ ಮುಂದಿನ ಚಿಕಿತ್ಸೆ ಬೇಕಾಗಲಿಲ್ಲ. ಈಗ ಉಳಿದಿರುವ ವಾದ ಯುರೇಟರಿನ ಕೆಳಭಾಗದಲ್ಲಿರುವ, 5 ಮಿ.ಮೀ. ದಾಟಿದ ಕಲ್ಲಿನ ಬಗ್ಗೆ ಮಾತ್ರ. ಯೂರಿಕ್ ಆಸಿಡ್ ಕಲ್ಲಂತೂ ಮಾತ್ರೆಗೇ ಕರಗುತ್ತದೆ. ಮೂತ್ರದ ಪಿಎಚ್ 5.5ಕ್ಕಿಂತ ಕಡಿಮೆ, ಸಿಟಿಯಲ್ಲಿ ಗಟ್ಟಿತನ 500 ಯೂನಿಟ್ ಒಳಗೆ, ಮಾಮೂಲಿ ಎಕ್ಸ್‌ರೇಯಲ್ಲಿ ಕಲ್ಲು ಕಾಣುವುದೇ ಇಲ್ಲ ಎಂದಾದರೆ, ನಾಳ ಕಟ್ಟಿಲ್ಲದಿದ್ದಲ್ಲಿ ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಪಿಎಚ್ ಅನ್ನು 6.5-7ರ ಸುತ್ತ ಕೆಲವು ವಾರ ಹಿಡಿದಿಟ್ಟು ನೋಡಬಹುದು. ಲೇಸರ್ ದಿನಾಂಕ ಗೊತ್ತು ಮಾಡುವ ಮುಂಚೆ ಈ ಮಾತೆತ್ತದ ಆಸ್ಪತ್ರೆಗೆ ನಾವು ಅಂಕ ಕಳೆಯುತ್ತೇವೆ.

ಸಿದ್ಧತೆಯಲ್ಲಿ ಎಡವುವುದು ಹೆಚ್ಚಾಗಿ ಕಲ್ಚರಿನಲ್ಲಿ. ಮಾಮೂಲಿ ಯೂರಿನ್ ರೊಟೀನ್ ಪರೀಕ್ಷೆ ಸಾಲದು. ಒಂದು ವಾರದಿಂದ ಹತ್ತು ದಿನ ಮುಂಚೆ ಕಲ್ಚರ್ ಕೊಟ್ಟು, ಬ್ಯಾಕ್ಟೀರಿಯಾ ಬೆಳೆದಿದ್ದರೆ ಅದಕ್ಕೆ ತಕ್ಕ ಆಂಟಿಬಯಾಟಿಕ್ ಮುಗಿಸಿಯೇ ಟೇಬಲ್ ಹತ್ತಬೇಕು. ರಿಪೋರ್ಟ್ ಬರಲು ಎರಡು ಮೂರು ದಿನ ಹಿಡಿಯುವುದರಿಂದ ‘ಇವತ್ತೇ ಅಡ್ಮಿಟ್, ನಾಳೆಯೇ ಆಪರೇಷನ್’ ಎಂಬ ಪ್ಯಾಕೇಜುಗಳಲ್ಲಿ ಈ ಹಂತವೇ ಹಾರಿಹೋಗುತ್ತದೆ. ಸಕ್ಕರೆ ಕಾಯಿಲೆಯವರು, ಪದೇಪದೇ ಉರಿಮೂತ್ರ ಬರುವ ಹೆಂಗಸರು, ಮೊದಲೇ ಸ್ಟೆಂಟ್ ಇರುವವರು ಇದನ್ನು ಬಿಟ್ಟುಕೊಡಲೇಬಾರದು. ಕಲ್ಲು ನಾಳ ಕಟ್ಟಿ ಜ್ವರವೂ ಬಂದಿದ್ದರೆ ಅದು ತುರ್ತು. ಮೊದಲು ಸ್ಟೆಂಟ್ ಅಥವಾ ಬೆನ್ನಿನಿಂದ ಟ್ಯೂಬ್ ಹಾಕಿ ಮೂತ್ರ ಇಳಿಸಬೇಕು. ಆ ಹೊತ್ತಿನಲ್ಲಿ ಲೇಸರ್ ಹಿಡಿದು ಒಳಗೆ ಹೋದರೆ ಜೀವಕ್ಕೇ ಸಂಚಕಾರ.

ಶಸ್ತ್ರಕ್ರಿಯೆ ಮುಗಿದ ಮೇಲೆ ‘ಎಲ್ಲ ಕ್ಲಿಯರ್’ ಎಂದು ಬರೆದುಕೊಡುವುದಕ್ಕೆ ಆಧಾರ ಏನು ಎಂಬುದನ್ನೂ ನೋಡಿ. ಅಲ್ಟ್ರಾಸೌಂಡ್ ಸಣ್ಣ ಚೂರುಗಳನ್ನು ತಪ್ಪಿಸಿಬಿಡುತ್ತದೆ. ಒಂದರಿಂದ ಮೂರು ತಿಂಗಳ ನಡುವೆ ಕಡಿಮೆ ವಿಕಿರಣದ, ಬಣ್ಣ ಹಾಕದ ಸಿಟಿ ಮಾಡಿಸಿದರೆ ಸತ್ಯ ತಿಳಿಯುತ್ತದೆ. 4 ಮಿ.ಮೀ. ಒಳಗಿನ ಚೂರುಗಳನ್ನು ಲೆಕ್ಕಕ್ಕಿಲ್ಲವೆಂದು ಬಿಡುವ ಪದ್ಧತಿ ಬಹುಕಾಲ ಇತ್ತು. ತೊಂದರೆ ಕೊಡದೆ ಕೂತ ಸಣ್ಣ ಕಲ್ಲುಗಳೂ ಹಾಗೆ ಸುಮ್ಮನಿರುವುದಿಲ್ಲ ಎಂಬುದನ್ನು 2022ರ ಅಮೆರಿಕದ ಪ್ರಯೋಗ ತೋರಿಸಿತು: ದೊಡ್ಡ ಕಲ್ಲಿನ ಜತೆಗೇ ಅವನ್ನೂ ತೆಗೆದವರಲ್ಲಿ ಶೇ. 16 ಜನರಿಗೆ, ಬಿಟ್ಟವರಲ್ಲಿ ಶೇ. 63 ಜನರಿಗೆ ಮುಂದೆ ಮತ್ತೆ ತೊಂದರೆಯಾಯಿತು. ಹೀಗಾಗಿ ಕಿಡ್ನಿಯಲ್ಲಿರುವ ಸಣ್ಣ ಕಲ್ಲುಗಳನ್ನೂ ಅದೇ ಸಲ ತೆಗೆಯುತ್ತೀರಾ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಸ್ಟೆಂಟಿನ ಬಗ್ಗೆ ಜನರ ದೂರು ಲೇಸರಿಗಿಂತ ಹೆಚ್ಚು, ಅದು ನ್ಯಾಯವೂ ಹೌದು. ಎರಡೂ ತುದಿ ಸುರುಳಿಯಾದ, 24-26 ಸೆಂ.ಮೀ. ಉದ್ದದ ಈ ಪೈಪು ಮೂತ್ರಕೋಶದೊಳಗೆ ತುದಿ ತಾಗಿಸಿಕೊಂಡು ಕೂತಿರುತ್ತದೆ. ಪದೇಪದೇ ಮೂತ್ರಕ್ಕೆ ಓಡಬೇಕು ಅನಿಸುವುದು, ನಡೆದಾಡಿದರೆ ಮೂತ್ರ ಕೆಂಪಾಗುವುದು ಮಾಮೂಲು. ಮೂತ್ರ ಮಾಡುವಾಗ ಪಕ್ಕೆಯಲ್ಲಿ ಚಳಕು ಹೊಡೆಯುವುದಕ್ಕೆ ಕಾರಣ ಬೇರೆ: ನಾಳದ ಬಾಯನ್ನು ಸ್ಟೆಂಟ್ ತೆರೆದಿಟ್ಟಿರುವುದರಿಂದ ಮೂತ್ರಕೋಶದ ಒತ್ತಡ ಹಿಂದಕ್ಕೆ ಕಿಡ್ನಿಯವರೆಗೂ ಮುಟ್ಟುತ್ತದೆ. ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ಇಲ್ಲಿ ಕೆಲಸಕ್ಕೆ ಬರುತ್ತದೆ. ಚಳಿ ನಡುಕದ ಜತೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಗಡ್ಡೆಗಟ್ಟಿದ ರಕ್ತ, ಮೂತ್ರ ಕಟ್ಟುವುದು, ಈ ಮೂರರಲ್ಲಿ ಯಾವುದಾದರೂ ಬಂದರೆ ರಾತ್ರಿಯೇ ಆದರೂ ಆಸ್ಪತ್ರೆಗೆ ಹೋಗಬೇಕು. ತೊಡಕಿಲ್ಲದ ಕೇಸಿನಲ್ಲಿ ಒಂದೆರಡು ವಾರಕ್ಕೆ ಸ್ಟೆಂಟ್ ತೆಗೆಯಬಹುದು. ದಾರ ಬಿಟ್ಟ ಸ್ಟೆಂಟಾದರೆ ಸ್ಕೋಪ್ ಇಲ್ಲದೆಯೇ ಎಳೆದು ತೆಗೆಯುತ್ತಾರೆ. ಮೂರು ತಿಂಗಳು ಮೀರಿ ಒಳಗೇ ಉಳಿದರೆ ಸ್ಟೆಂಟಿನ ಮೇಲೆಯೇ ಕಲ್ಲು ಕಟ್ಟಿಕೊಳ್ಳುತ್ತದೆ. ನೋವು ಹೋಯಿತೆಂದು ಊರಿಗೆ ಹೋದವರು ವರ್ಷಗಟ್ಟಲೆ ಬಿಟ್ಟು ಬಂದಾಗ, ಒಂದು ಪೈಪು ತೆಗೆಯಲು ಎರಡು ಮೂರು ಶಸ್ತ್ರಕ್ರಿಯೆ ಬೇಕಾದದ್ದುಂಟು. ಡಿಸ್ಚಾರ್ಜ್ ಸಮ್ಮರಿಯಲ್ಲಿ ತೆಗೆಯುವ ತಾರೀಖು ಬರೆಸಿಕೊಳ್ಳಿ. ತೆಗೆಯುವ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯೇ ಎಂದೂ ಆಗಲೇ ಕೇಳಿ. ಆ ಖರ್ಚು ಬೇರೆ ಎಂದು ಆಮೇಲೆ ತಿಳಿದು ಮುಂದೂಡುವವರೇ ಹೆಚ್ಚು ಸಿಕ್ಕಿಬೀಳುತ್ತಾರೆ.

ಖರ್ಚಿನ ಮಾತು ಬಂತಲ್ಲ. ಒಂದೇ ಚಿಕಿತ್ಸೆಗೆ ಎರಡು ಆಸ್ಪತ್ರೆ ಹೇಳುವ ಮೊತ್ತದಲ್ಲಿ ದೊಡ್ಡ ಅಂತರ ಬರುವುದು ಸರ್ಜನ್ ಫೀಸಿನಲ್ಲಿ ಅಷ್ಟಾಗಿ ಇಲ್ಲ. ಡಿಸ್ಪೋಸಬಲ್ ಸ್ಕೋಪ್, ಶೀತ್, ಗೈಡ್‌ವೈರ್, ಬಾಸ್ಕೆಟ್, ಫೈಬರ್, ಸ್ಟೆಂಟ್ ಇವುಗಳ ಬಾಬತ್ತಿನಲ್ಲಿ. ಎಸ್ಟಿಮೇಟ್ ಕೇಳುವಾಗ ಈ ಆರನ್ನೂ ಬಿಡಿಬಿಡಿಯಾಗಿ ಬರೆಸಿಕೊಂಡರೆ ಹೋಲಿಕೆ ಸಾಧ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ಯಾವ ವಿಧಾನಕ್ಕೆ ಒಪ್ಪಿಗೆ ಸಿಗುತ್ತದೆ, ಡಿಸ್ಪೋಸಬಲ್ ಸೇರಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಅಡ್ಮಿಟ್ ಆಗುವ ಮೊದಲೇ ವಿಚಾರಿಸಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಯೂ ವಿಚಾರಿಸಬಹುದಾದ ಜಾಗ.

ಕಲ್ಲು ತೆಗೆದವರು ಅದರ ಒಂದು ಚೂರನ್ನು ಡಬ್ಬಿಯಲ್ಲಿ ಕೊಡಬೇಕು, ಇಲ್ಲವೇ ನೇರ ಪರೀಕ್ಷೆಗೆ ಕಳಿಸಬೇಕು. ಪೂರ್ತಿ ಪುಡಿ ಮಾಡಿ ತೊಳೆದುಬಿಡುವ ಕಡೆ ಇದು ತಪ್ಪಿಹೋಗುತ್ತಿತ್ತು; ಸಕ್ಷನ್ ಡಬ್ಬಿಯಲ್ಲಿ ಪುಡಿ ಸಿಗುವುದರಿಂದ ಈಗ ನೆಪವಿಲ್ಲ. ಕಲ್ಲು ಯಾವುದೆಂದು ತಿಳಿದರೆ ಪಥ್ಯವೂ ತಿಳಿಯುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂದ ಕೂಡಲೇ ಹಾಲು ಮೊಸರು ಬಿಡಿಸುವುದು ತಪ್ಪು: ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ, ಬಿಟ್ಟರೆ ಆಕ್ಸಲೇಟ್ ಹೆಚ್ಚು ಹೀರಲ್ಪಡುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು, ಅದರಲ್ಲೂ ಉಪ್ಪಿನಕಾಯಿ ಹಪ್ಪಳದ ಉಪ್ಪು. ಕಲ್ಲು ಮರುಕಳಿಸದಿರಲಿ ಎಂದು ದಶಕಗಳಿಂದ ಬರೆಯುತ್ತಿದ್ದ ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆಯನ್ನು ಸ್ವಿಜರ್ಲೆಂಡಿನ 416 ರೋಗಿಗಳಲ್ಲಿ 12.5, 25, 50 ಮಿ.ಗ್ರಾಂ ಪ್ರಮಾಣದಲ್ಲಿ ಕೊಟ್ಟು ನೋಡಿದ 2023ರ ಪ್ರಯೋಗದಲ್ಲಿ ಖಾಲಿ ಮಾತ್ರೆಗಿಂತ ಗಣನೀಯ ಲಾಭ ಕಾಣಲಿಲ್ಲ. ನೀರಿಗೆ ಮಾತ್ರ ಹಳೆಯ ಗಟ್ಟಿ ಪುರಾವೆ ಇದೆ: 1996ರ ಇಟಲಿಯ ಪ್ರಯೋಗದಲ್ಲಿ ಹೆಚ್ಚು ನೀರು ಕುಡಿದವರಲ್ಲಿ ಐದು ವರ್ಷದೊಳಗೆ ಶೇ. 12, ಉಳಿದವರಲ್ಲಿ ಶೇ. 27 ಜನರಿಗೆ ಕಲ್ಲು ಮರಳಿತ್ತು. ಕುಡಿದದ್ದನ್ನು ಎಣಿಸುವುದಕ್ಕಿಂತ ಹೊರಬಂದದ್ದನ್ನು ಅಳೆಯಿರಿ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರಿಗೆ ಬೆವರಿನ ಲೆಕ್ಕವೂ ಸೇರಿ ನಾಲ್ಕು ಲೀಟರ್ ಕುಡಿದರೂ ಇಷ್ಟು ಬರಲಿಕ್ಕಿಲ್ಲ. ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿಯುವವರು ಕುಡಿಯಲಿ, ಹೊಟ್ಟೆಗೆ ನೀರಂತೂ ಹೋಗುತ್ತದೆ, 12 ಮಿ.ಮೀ. ಕಲ್ಲು ಅದರಿಂದ ಕರಗುತ್ತದೆಂದು ಆರು ತಿಂಗಳು ಕಾಯುವುದು ಬೇಡ, ಕಟ್ಟಿದ ಕಿಡ್ನಿ ಅಷ್ಟರಲ್ಲಿ ಸದ್ದಿಲ್ಲದೆ ಸೋತಿರುತ್ತದೆ.